ಕ್ಯಾನ್ ಬಿಡಿ, ಪಿಸ್ಟನ್ ಹಿಡಿಯಿರಿ: ಮನೆ ಎರಕದ ಪ್ರಶ್ನೆಗಳು

ಹಿತ್ತಿಲಲ್ಲಿ ಗುಜರಿ ಲೋಹ ಕರಗಿಸಿ ಎರಕ ಹೊಯ್ಯುವ ಹವ್ಯಾಸದ ಬಗ್ಗೆ ಬಂದ ಪ್ರಶ್ನೆಗಳಲ್ಲಿ ನಾಲ್ಕನ್ನು ಈ ಸಲ ಆರಿಸಿಕೊಂಡಿದ್ದೇನೆ.

ಎರಡು ತಿಂಗಳು ತಂಪು ಪಾನೀಯದ ಕ್ಯಾನ್ ಕೂಡಿಹಾಕಿ, ಹಳೇ ಪೇಂಟ್ ಡಬ್ಬದಲ್ಲಿ ಇದ್ದಿಲ ಬೆಂಕಿ ಮೇಲೆ ಕರಗಿಸಿದೆ. ಹೇರ್ ಡ್ರೈಯರ್‌ನಿಂದ ಗಾಳಿ ಕೊಟ್ಟೆ. 60 ಕ್ಯಾನ್‌ಗೆ 300 ಗ್ರಾಂ ಅಲ್ಯೂಮಿನಿಯಂ ಕೂಡ ಸಿಗಲಿಲ್ಲ, ಉಳಿದಿದ್ದೆಲ್ಲ ಬೂದಿಯಂಥ ಕಸ. ಬೆಂಕಿ ಸಾಲಲಿಲ್ಲವೇ? (ಡಿಪ್ಲೊಮಾ ವಿದ್ಯಾರ್ಥಿ, ದಾವಣಗೆರೆ)

ಬೆಂಕಿ ಸಾಕಾಗಿದೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ. ಗಾಳಿ ಬಿದ್ದ ಇದ್ದಿಲಿಗೆ ಅದೇನೂ ದೊಡ್ಡದಲ್ಲ. ನೀವು ಎಡವಿದ್ದು ಮಾಲು ಆರಿಸುವಾಗ.

ಕ್ಯಾನ್‌ನ ಗೋಡೆ ಸುಮಾರು 0.1 ಮಿಲಿಮೀಟರ್ ದಪ್ಪ, ಅಂದರೆ ಕಾಗದದಷ್ಟು. ಅಲ್ಯೂಮಿನಿಯಂ ಗಾಳಿ ತಾಗಿದ ಕಡೆಯೆಲ್ಲ ಒಂದು ಪೊರೆ ಕಟ್ಟಿಕೊಳ್ಳುತ್ತದೆ. ಆ ಪೊರೆ ನಿಮ್ಮ ಒಲೆಗೆಲ್ಲ ಕರಗುವಂಥದ್ದಲ್ಲ, ಅದಕ್ಕೆ 2000 ಡಿಗ್ರಿಗಿಂತ ಜಾಸ್ತಿ ಬೇಕು. ದಪ್ಪ ತುಂಡಿಗೆ ಹೋಲಿಸಿದರೆ ತೆಳು ತಗಡಿನಲ್ಲಿ ಪೊರೆಯ ಪಾಲು ಬಹಳ ಜಾಸ್ತಿ. ಮೇಲಿನ ಬಣ್ಣ, ಒಳಗಿನ ಲೇಪ ಬೇರೆ ಸುಟ್ಟು ಸೇರಿಕೊಳ್ಳುತ್ತವೆ. ಕರಗಿದ ಹನಿಗಳು ಆ ಪೊರೆಯ ಚೀಲದೊಳಗೇ ಸಿಕ್ಕಿಬೀಳುತ್ತವೆ. ನೀವು ಬೂದಿ ಅಂದಿದ್ದು ಅದನ್ನೇ. ಇಷ್ಟಾದ ಮೇಲೂ ಕ್ಯಾನ್‌ನ ಲೋಹ ತಗಡು ಎಳೆಯಲು ಮಾಡಿದ್ದೇ ಹೊರತು ಎರಕಕ್ಕಲ್ಲ. ಅಚ್ಚಿನ ಮೂಲೆಗೆ ಹೋಗುವ ಮೊದಲೇ ಗಟ್ಟಿಯಾಗಿಬಿಡುತ್ತದೆ.

ಕ್ಯಾನ್‌ಗಳನ್ನು ಗುಜರಿಗೆ ಮಾರಿ, ಅದೇ ದುಡ್ಡಿನಲ್ಲಿ ಹಳೇ ಪಿಸ್ಟನ್ ತನ್ನಿ. ಒಂದು ಸಲ ಎರಕದಿಂದಲೇ ಹುಟ್ಟಿದ್ದು ಮತ್ತೆ ಚೆನ್ನಾಗಿ ಎರಕವಾಗುತ್ತದೆ. ಪಿಸ್ಟನ್‌ನಲ್ಲಿ ಸಾಮಾನ್ಯವಾಗಿ ಶೇ 11–13ರಷ್ಟು ಸಿಲಿಕಾನ್ ಇರುತ್ತದೆ. ಅದರಿಂದಲೇ ಲೋಹ ನೀರಿನಂತೆ ಹರಿಯುತ್ತದೆ. ಅಲಾಯ್ ವೀಲ್, ಸಿಲಿಂಡರ್ ಹೆಡ್ ಕೂಡ ಒಳ್ಳೆಯ ಮಾಲೇ. ಕಿಟಕಿ ಚೌಕಟ್ಟಿನ ಸೆಕ್ಷನ್ ಹೊಳೆಯುತ್ತದೆ ಅಂತ ಮೋಸ ಹೋಗಬೇಡಿ, ಅದರಲ್ಲಿ ಸಿಲಿಕಾನ್ ತೀರಾ ಕಡಿಮೆ. ಇಂಜಿನ್ ಬೋರ್ ಮಾಡುವ ಅಂಗಡಿಯ ಮೂಲೆಯಲ್ಲಿ ಪಿಸ್ಟನ್‌ಗಳ ರಾಶಿಯೇ ಬಿದ್ದಿರುತ್ತದೆ. ಲಾರಿಯದ್ದು ಎರಡು ಸಿಕ್ಕರೆ ಮೊದಲ ಎರಕಕ್ಕೆ ಧಾರಾಳ. ಕರಗಿಸುವ ಮೊದಲು ರಿಂಗ್, ಪಿನ್ ಬಿಚ್ಚಿ ತೆಗೆದಿಡಿ. ಡೀಸೆಲ್ ಪಿಸ್ಟನ್‌ನಲ್ಲಿ ಮೇಲಿನ ರಿಂಗ್ ಕೂರುವ ಜಾಗದಲ್ಲಿ ಬೀಡುಕಬ್ಬಿಣದ ಬಳೆಯೊಂದು ಹುದುಗಿರುತ್ತದೆ. ಅಲ್ಯೂಮಿನಿಯಂ ಕರಗಿದ ಮೇಲೆ ಅದು ಹಾಗೇ ತಳದಲ್ಲಿ ಉಳಿಯುತ್ತದೆ, ಒಣ ಇಕ್ಕಳದಿಂದ ಎತ್ತಿಬಿಡಿ.

ಗುಜರಿಯಲ್ಲಿ ಹಗುರವಾಗಿ, ಬೆಳ್ಳಗೆ ಕಂಡಿದ್ದೆಲ್ಲ ಅಲ್ಯೂಮಿನಿಯಂ ಅಲ್ಲ. ಮರ ಕೊಯ್ಯುವ ಯಂತ್ರದ ಕವಚ, ಕೆಲವು ಲ್ಯಾಪ್‌ಟಾಪ್‌ಗಳ ಮೈ ಮೆಗ್ನೀಸಿಯಂನದ್ದಾಗಿರುತ್ತವೆ. ಅದು ಮೂಸೆಯಲ್ಲಿ (ಲೋಹ ಕರಗಿಸುವ ಪಾತ್ರೆಯಲ್ಲಿ) ಹೊತ್ತಿಕೊಂಡರೆ ಕಣ್ಣು ಕುಕ್ಕುವ ಬೆಳಕು ಬರುತ್ತದೆ, ನೀರು ಹಾಕಿದರೆ ಇನ್ನೂ ಉರಿಯುತ್ತದೆ. ಅನುಮಾನ ಬಂದರೆ ಅರದಿಂದ ಉಜ್ಜಿ, ಹೊಸ ಮೈ ಮೇಲೆ ಎರಡು ಹನಿ ವಿನೆಗರ್ ಬಿಡಿ. ತಕ್ಷಣ ಸೋಡಾದಂತೆ ಗುಳ್ಳೆ ಎದ್ದರೆ ಮೆಗ್ನೀಸಿಯಂ, ಸುಮ್ಮನಿದ್ದರೆ ಅಲ್ಯೂಮಿನಿಯಂ. ಶಾಕ್ ಅಬ್ಸಾರ್ಬರ್, ಬಾಯಿ ಮುಚ್ಚಿದ ಪೈಪು, ಸ್ಪ್ರೇ ಡಬ್ಬ ಇಂಥವನ್ನು ಹಾಗೇ ಬೆಂಕಿಗೆ ಹಾಕಲೇಬೇಡಿ, ಸಿಡಿಯುತ್ತವೆ. ಸೀಸಕ್ಕಾಗಿ ಹಳೇ ಬ್ಯಾಟರಿ ಒಡೆಯುವ ಯೋಚನೆಯನ್ನೂ ಬಿಡಿ. ಬ್ಯಾಟರಿಗಳ ಮರುಬಳಕೆಯನ್ನು ನೋಂದಾಯಿತರೇ ಮಾಡಬೇಕು ಅಂತ 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಹೇಳುತ್ತವೆ. ನಿಯಮ ಇಲ್ಲದಿದ್ದರೂ ಮಕ್ಕಳಿರುವ ಮನೆಯಲ್ಲಿ ಸೀಸದ ಹೊಗೆ ಬೇಡ.

ಪೇಂಟ್ ಡಬ್ಬದಲ್ಲಿ ಕರಗಿಸಿದ್ದು ಓದಿ ನನ್ನ ಎದೆ ಧಸಕ್ ಅಂದಿತು. ಕರಗಿದ ಅಲ್ಯೂಮಿನಿಯಂ ಕಬ್ಬಿಣವನ್ನು ನಿಧಾನವಾಗಿ ತಿನ್ನುತ್ತದೆ. ತೆಳು ತಗಡಿನ ತಳ ಯಾವಾಗ ಕಳಚುತ್ತದೋ ಹೇಳಲಾಗದು. ಗ್ರ್ಯಾಫೈಟ್ ಮೂಸೆ ಕೊಳ್ಳಿ. ಅದನ್ನೂ ಮೊದಲ ಸಲ ಖಾಲಿಯಾಗಿಯೇ ನಿಧಾನವಾಗಿ ಕಾಯಿಸಿ.

ಅಜ್ಜಿ ಮನೆಯ ಒಡೆದ ಹಿತ್ತಾಳೆ ಚೊಂಬು, ಕೊಳಗ, ಐದಾರು ಹಳೇ ನಲ್ಲಿ ಇವೆ. ಕರಗಿಸಿ ಒಂದು ದೀಪ ಎರೆಯಬೇಕು. ಮೇಣದಲ್ಲಿ ಮಾದರಿ ಮಾಡಿದ್ದೇನೆ. ಎಷ್ಟು ಲೋಹ ಬೇಕಾಗುತ್ತದೆ? (ಗೃಹಿಣಿ, ಮೈಸೂರು)

ಲೆಕ್ಕ ಸುಲಭ, ಬಹಳ ಹಳೆಯದು ಕೂಡ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲಿ ಮೇಣದ ಎರಕದ ವಿಧಾನವಿದೆ: ಮೇಣದ ಮಾದರಿಗೆ ಮಣ್ಣು ಮೆತ್ತಿ, ಕಾಯಿಸಿ ಮೇಣ ಹೊರಗೆ ಹರಿಸಿ, ಆ ಖಾಲಿ ಜಾಗಕ್ಕೆ ಲೋಹ ಹೊಯ್ಯುವುದು. ಮಣ್ಣು ಮೆತ್ತುವ ಮೊದಲು ಮೇಣದ ಗೊಂಬೆಯನ್ನು ತೂಗು, ಬೆಳ್ಳಿಯಾದರೆ ಅದರ 12 ಪಟ್ಟು ತೆಗೆದುಕೋ ಅನ್ನುತ್ತದೆ. ಹಿತ್ತಾಳೆಗೆ 9 ಪಟ್ಟು ಇಟ್ಟುಕೊಳ್ಳಿ. ಹೊಯ್ಯುವ ನಾಳದ ಮೇಣವನ್ನೂ ಸೇರಿಸಿಯೇ ತೂಗಬೇಕು, ಮೇಲೆ ಸ್ವಲ್ಪ ಕೈಬಿಚ್ಚಿ ಹಾಕಿ. ಅರ್ಧ ತುಂಬಿದ ಅಚ್ಚಿಗೆ ಆಮೇಲೆ ಹೊಯ್ದರೆ ಎರಡು ಲೋಹ ಬೆಸೆಯುವುದಿಲ್ಲ.

ಆದರೆ ನೀವೇ ಕರಗಿಸಬೇಡಿ ಅಂತಲೇ ಹೇಳುತ್ತೇನೆ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಹಿತ್ತಾಳೆ ಕರಗಲು 900 ಡಿಗ್ರಿಗಿಂತ ಜಾಸ್ತಿ ಬೇಕು, ಸತು 907ಕ್ಕೇ ಕುದಿಯುತ್ತದೆ. ಹಾಗಾಗಿ ಮೂಸೆಯಿಂದ ಬಿಳಿ ಹೊಗೆ ಏಳುತ್ತದೆ. ಅದನ್ನು ಕುಡಿದವರಿಗೆ ಸಂಜೆ ಹೊತ್ತಿಗೆ ಚಳಿಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ. ಹಾಲು ಕುಡಿದರೆ, ಬೆಲ್ಲ ತಿಂದರೆ ಹೊಗೆ ಇಳಿದುಹೋಗುತ್ತೆ ಅನ್ನುವ ಮಾತು ವೆಲ್ಡಿಂಗ್ ಅಂಗಡಿಗಳಲ್ಲಿ ಈಗಲೂ ಇದೆ. ಹಾಲು ಹೋಗುವುದು ಹೊಟ್ಟೆಗೆ, ಹೊಗೆ ಹೋಗಿರುವುದು ಶ್ವಾಸಕೋಶಕ್ಕೆ. ನಲ್ಲಿಗಳಲ್ಲಿ ಸ್ವಲ್ಪ ಸೀಸವೂ ಇರುತ್ತದೆ, ಅವನ್ನು ಬೇರೆ ಇಡಿ. ನಿಮ್ಮೂರಿಂದ ನಾಗಮಂಗಲ ದೂರವಿಲ್ಲ ಅಲ್ವಾ? ವಿಗ್ರಹ ಎರೆಯುವ ಕುಟುಂಬಗಳು ಅಲ್ಲಿವೆ. ನಿಮ್ಮ ಮೇಣದ ಮಾದರಿ, ನಿಮ್ಮ ಅಜ್ಜಿಯ ಚೊಂಬು ಎರಡನ್ನೂ ಒಯ್ದು ಕೇಳಿ ನೋಡಿ. ಅಂದಹಾಗೆ, ಒಡೆಯದ ಕೊಳಗ ಇದ್ದರೆ ಕರಗಿಸೋದೇ ಬೇಡ, ಉಳಿಸಿಕೊಳ್ಳಿ.

ಮೂರನೇ ಮಹಡಿಯ ಬಾಲ್ಕನಿಯಲ್ಲಿ, ಅಡುಗೆ ಗ್ಯಾಸ್ ಸಿಲಿಂಡರ್ ಬಳಸಿ ಸಣ್ಣ ಕುಲುಮೆ ಮಾಡಬಹುದೇ? (ಬೆಂಗಳೂರು)

ಬೇಡ. ಮನೆ ಸಿಲಿಂಡರ್ ಇರುವುದು ಅಡುಗೆಗೆ, ಬೇರೆ ಕೆಲಸಕ್ಕೆ ಬಳಸುವಂತಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಕಾಲ ಕೆಳಗಿನ ನೆಲ. ಕಲಿಯುವ ಕಾಲದಲ್ಲಿ ಒಂದು ಸಲ ನನ್ನ ಕೈ ಅಲುಗಿ ಚಮಚದಷ್ಟು ಅಲ್ಯೂಮಿನಿಯಂ ಸಿಮೆಂಟ್ ನೆಲಕ್ಕೆ ಚೆಲ್ಲಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ‘ಟಪ್’ ಅಂತ ನೆಲದ ಚಕ್ಕೆ ಎದ್ದು ಮೊಣಕಾಲಿಗೆ ಬಡಿಯಿತು. ನೆಲ ಒಣಗಿದಂತೆ ಕಂಡರೂ ಸಿಮೆಂಟಿನೊಳಗೆ ನೀರು ಇರುತ್ತದೆ. ಆವಿಯಾದಾಗ ನೀರಿಗೆ ಸುಮಾರು 1,600 ಪಟ್ಟು ಜಾಗ ಬೇಕು, ಸಿಗದಿದ್ದರೆ ಒಡೆದುಕೊಂಡು ಬರುತ್ತದೆ. ಅಂದಿನಿಂದ ನಾನು ಒಂದು ಗೇಣು ಒಣ ಮರಳು ಹಾಸದೆ ಮೂಸೆ ಎತ್ತಿಲ್ಲ. ಊರಲ್ಲಿ ಹಿತ್ತಿಲಿದ್ದರೆ ರಜೆಗೆ ಹೋದಾಗ ಮಾಡಿ. ಹತ್ತಿ ಬಟ್ಟೆ, ಚರ್ಮದ ಶೂ, ಮುಖಕ್ಕೆ ಶೀಲ್ಡ್ ಇರಲಿ. ಪ್ಯಾಂಟ್ ಶೂ ಮೇಲೆ ಇಳಿದಿರಬೇಕು, ಒಳಗೆ ಸಿಕ್ಕಿಸಿದರೆ ಚೆಲ್ಲಿದ ಲೋಹ ನೇರ ಪಾದಕ್ಕೆ ಹೋಗುತ್ತದೆ. ಬರ್ಮುಡಾ, ಹವಾಯಿ ಚಪ್ಪಲಿ ಹಾಕಿಕೊಂಡು ಹೊಯ್ಯುವವರ ವಿಡಿಯೊ ನೋಡಿ ಧೈರ್ಯ ತಂದುಕೊಳ್ಳಬೇಡಿ. ಕರಗಿದ ಅಲ್ಯೂಮಿನಿಯಂ ಹಗಲಿನಲ್ಲಿ ಕೆಂಪಗೆ ಕಾಣುವುದೂ ಇಲ್ಲ, ಬೆಳ್ಳಗೆ ತಣ್ಣಗಿದ್ದಂತೆ ಇರುತ್ತದೆ.

ಮರಳಿನ ಅಚ್ಚಿನಲ್ಲಿ ಪುಲ್ಲಿ ಎರೆದೆ. ಅಂಚು ಚೆನ್ನಾಗಿ ಬಂದಿದೆ, ಆದರೆ ಲೇತ್‌ಗೆ ಹಾಕಿದರೆ ಒಳಗೆಲ್ಲ ತೂತು. (ನಿವೃತ್ತ ಟರ್ನರ್, ಬೆಳಗಾವಿ)

ಫೌಂಡ್ರಿಗಳ ಊರಿನಿಂದಲೇ ಈ ಪ್ರಶ್ನೆ ಬಂದಿದೆ! ಪುಲ್ಲಿಯನ್ನು ಗರಗಸದಿಂದ ಅಡ್ಡ ಕೊಯ್ದು, ಬಿಸಿಲಲ್ಲಿ ಹಿಡಿದು ನೋಡಿ. ತೂತಿನ ಒಳಮೈ ನುಣುಪಾಗಿ, ದುಂಡಗೆ ಇದ್ದರೆ ಅದು ಒಳಗೆ ಸಿಕ್ಕಿಬಿದ್ದ ಗಾಳಿ, ಆವಿಯ ಕೆಲಸ. ಒರಟಾಗಿ, ಹಲ್ಲುಹಲ್ಲಾಗಿ, ನಡುವಿನ ದಪ್ಪ ಗುಂಬದಲ್ಲಿ ಮಾತ್ರ ಇದ್ದರೆ ಲೋಹ ಕುಗ್ಗಿದ್ದರಿಂದ ಆಗಿದ್ದು. ಸೂಜಿಮೊನೆಯಂಥ ಚುಕ್ಕಿಗಳು ಎಲ್ಲ ಕಡೆ ಹರಡಿದ್ದರೆ ಕರಗಿದ ಲೋಹ ತೇವದಿಂದ ಹೀರಿಕೊಂಡ ಹೈಡ್ರೋಜನ್.

ಗಾಳಿಯಾದರೆ ಮರಳಿಗೆ ನೀರು ಜಾಸ್ತಿಯಾಗಿದೆ. 10 ಕಿಲೋ ಮರಳಿಗೆ ಸುಮಾರು 1 ಕಿಲೋ ಬೆಂಟೊನೈಟ್ ಜೇಡಿಮಣ್ಣು, 400 ಮಿಲಿಲೀಟರ್ ಆಸುಪಾಸು ನೀರು ಸಾಕು. ಮುಷ್ಟಿಯಲ್ಲಿ ಹಿಡಿದು ಒತ್ತಿ, ಕೈ ಬಿಚ್ಚಿ. ಬೆರಳಿನ ಗುರುತು ಚೊಕ್ಕವಾಗಿ ಮೂಡಬೇಕು, ಅಂಗೈಗೆ ಒದ್ದೆ ಹತ್ತಬಾರದು. ಆ ಉಂಡೆಯನ್ನು ಮುರಿದರೆ ಪುಡಿಯಾಗದೆ ಎರಡೇ ತುಂಡಾಗಬೇಕು. ತೇವದ ಮರಳು ಸಿಡಿಯುವುದಿಲ್ಲವೇ ಅಂತ ಕೆಲವರು ಕೇಳುತ್ತಾರೆ. ಕಾಳುಗಳ ಸಂದಿಯಿಂದ ಆವಿ ಹೊರಗೆ ಹೋಗಲು ದಾರಿಯಿದ್ದರೆ ಸಿಡಿಯುವುದಿಲ್ಲ. ಆ ದಾರಿಗಾಗಿ ಅಚ್ಚಿನ ಬೆನ್ನಿಗೆ ಸೈಕಲ್ ಕಡ್ಡಿಯಿಂದ ಹತ್ತಿಪ್ಪತ್ತು ಕಡೆ ಚುಚ್ಚಿ, ಪುಲ್ಲಿಯ ಮೈ ಮುಟ್ಟುವಷ್ಟು ಆಳಕ್ಕೆ ಬೇಡ.

ಕುಗ್ಗಿದ್ದಾದರೆ ಗುಂಬದ ಮೇಲೆ ಅದಕ್ಕಿಂತ ದಪ್ಪದ ರೈಸರ್ (ಹೆಚ್ಚುವರಿ ಲೋಹ ತುಂಬಿ ನಿಲ್ಲುವ ಕೊಳವೆ) ಕೂರಿಸಿ. ಗಟ್ಟಿಯಾಗುವಾಗ ಅಲ್ಯೂಮಿನಿಯಂ ಗಾತ್ರದಲ್ಲಿ ಸುಮಾರು ಶೇ 6ರಷ್ಟು ಕುಗ್ಗುತ್ತದೆ. ದಪ್ಪ ಜಾಗ ಕೊನೆಗೆ ಆರುತ್ತದೆ, ಆಗ ಅದಕ್ಕೆ ಲೋಹ ಕೊಡಲು ಮೇಲೊಬ್ಬರು ಇರಬೇಕು. ಹೈಡ್ರೋಜನ್ ಆದರೆ ನೀವು ಲೋಹವನ್ನು ಬಹಳ ಹೊತ್ತು ಕಾಯಿಸಿದ್ದೀರಿ. 720 ಡಿಗ್ರಿ ಸುತ್ತಮುತ್ತ ಬಂದ ಕೂಡಲೇ ಮೇಲೆ ತೇಲುವ ಕಿಟ್ಟ ತೆಗೆದು ಹೊಯ್ದುಬಿಡಿ, ಸುಮ್ನೆ ಕಲಕುತ್ತಾ ನಿಲ್ಲಬೇಡಿ. ಕೊಯ್ದ ಪುಲ್ಲಿಯನ್ನು ಎಸೆಯಬೇಡಿ. ಲೇತ್‌ನ ಎಣ್ಣೆ ಒರೆಸಿ, ಕುಲುಮೆಯ ಬಾಯಿ ಮೇಲೆ ಹತ್ತು ನಿಮಿಷ ಇಟ್ಟು ಕಾಯಿಸಿ, ಮುಂದಿನ ಮೂಸೆಗೆ ಹಾಕಿ.