ಕೀಮೋ ನಂತರದ ಭೇದಿ: ಯಾವಾಗ ಮಾತ್ರೆ, ಯಾವಾಗ ಆಸ್ಪತ್ರೆ?

ಪ್ರಶ್ನೆ: ನಮ್ಮ ತಂದೆಗೆ ದೊಡ್ಡ ಕರುಳಿನ ಕ್ಯಾನ್ಸರ್. ಎರಡು ವಾರಕ್ಕೊಮ್ಮೆ ಇರಿನೊಟೆಕಾನ್ ಡ್ರಿಪ್ ಹಾಕುತ್ತಾರೆ. ಮೊದಲ ಸಲ ಡ್ರಿಪ್ ಇಳಿಯುತ್ತಿರುವಾಗಲೇ ಬೆವರಿ, ಹೊಟ್ಟೆ ನುಲಿದು ಭೇದಿಯಾಯಿತು. ಇಂಜೆಕ್ಷನ್ ಕೊಟ್ಟ ಮೇಲೆ ನಿಂತಿತು. ಆರನೇ ದಿನ ಮನೆಯಲ್ಲಿ ಮತ್ತೆ ಶುರು. ಇದು ಡಿಎನ್‌ಎ ಒಡೆಯುವ ಔಷಧಿಯಂತೆ. ಮುಂದುವರಿಸಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಮುಂದುವರಿಸಬಹುದು. ಆದರೆ ಆ ಎರಡು ಭೇದಿಗಳ ಕಾರಣ ಬೇರೆ, ಮದ್ದೂ ಬೇರೆ.

ಔಷಧಿ ತಾನೇ ಡಿಎನ್‌ಎ ಕತ್ತರಿಸುವುದಿಲ್ಲ. ಡಿಎನ್‌ಎ ನಕಲಾಗುವಾಗ ಎಳೆಗಳು ಬಿಚ್ಚಿದಂತೆಲ್ಲ ಮುಂದಿನ ಭಾಗ ಹಗ್ಗದ ಹುರಿಯಂತೆ ಬಿಗಿಯುತ್ತದೆ. ಟೊಪೊಐಸೊಮರೇಸ್-1 ಎಂಬ ಕಿಣ್ವ ಒಂದು ಎಳೆ ಕತ್ತರಿಸಿ, ಹುರಿ ಸಡಿಲಿಸಿ, ಮತ್ತೆ ಬೆಸೆಯುತ್ತದೆ. ಇರಿನೊಟೆಕಾನ್ ತಡೆಯುವುದು ಈ ಬೆಸುಗೆಯನ್ನು. ಕಿಣ್ವ ಅಲ್ಲೇ ಸಿಕ್ಕಿಬೀಳುತ್ತದೆ. ನಕಲಿನ ಕೆಲಸ ಅಲ್ಲಿಗೆ ಬಂದು ಡಿಕ್ಕಿಯಾದಾಗ ಎರಡೂ ಎಳೆ ತುಂಡಾಗಿ ಕೋಶ ಸಾಯುತ್ತದೆ. ಹೀಗಾಗಿ ಬೇಗ ಬೇಗ ವಿಭಜನೆಯಾಗುವ ಕೋಶಗಳಿಗೇ ಹೆಚ್ಚು ಪೆಟ್ಟು: ಗಡ್ಡೆಗೆ, ಜೊತೆಗೆ ಕರುಳಿನ ಒಳಪದರಕ್ಕೆ, ಅಸ್ಥಿಮಜ್ಜೆಗೆ.

24 ಗಂಟೆಯೊಳಗೆ ಆಗುವ ಭೇದಿ ನರಗಳ ಮೂಲಕ ಬರುವಂಥದ್ದು. ಅದಕ್ಕೆ ಅಟ್ರೊಪಿನ್ ಮದ್ದು; ಮುಂದಿನ ಸಲ ಡ್ರಿಪ್‌ಗೆ ಮೊದಲೇ ಕೊಡಬಹುದೇ ಎಂದು ವೈದ್ಯರನ್ನು ಕೇಳಿ.

ಭಯಪಡಬೇಕಾದ್ದು ಎರಡನೆಯದಕ್ಕೆ. ಔಷಧಿ ದೇಹದಲ್ಲಿ ಎಸ್‌ಎನ್-38 ಎಂಬ ಬಹಳ ಪ್ರಬಲ ರೂಪ ತಾಳುತ್ತದೆ. ಯಕೃತ್ತು ಅದನ್ನು ನಿಷ್ಕ್ರಿಯಗೊಳಿಸಿ ಪಿತ್ತದೊಡನೆ ಕರುಳಿಗೆ ಬಿಟ್ಟರೆ, ಅಲ್ಲಿನ ಬ್ಯಾಕ್ಟೀರಿಯಾ ಮತ್ತೆ ಸಕ್ರಿಯಗೊಳಿಸುತ್ತವೆ. ಒಳಪದರ ಸುಲಿಯುತ್ತದೆ. ಮೊದಲ ಸಲ ನೀರಾಗಿ ಹೋದ ಕೂಡಲೇ ಲೊಪೆರಮೈಡ್ 4 ಮಿ.ಗ್ರಾಂ, ಬಳಿಕ ಎರಡು ಗಂಟೆಗೊಮ್ಮೆ 2 ಮಿ.ಗ್ರಾಂ, ಭೇದಿ ನಿಂತು 12 ಗಂಟೆ ಕಳೆಯುವವರೆಗೆ: ಇದು ರೂಢಿಯಲ್ಲಿರುವ ಕ್ರಮ. ಮಾಮೂಲಿ ಭೇದಿಯ ಪ್ರಮಾಣಕ್ಕಿಂತ ಇದು ಹೆಚ್ಚು. ಆದ್ದರಿಂದ ನಿಮ್ಮ ವೈದ್ಯರಿಂದ ಬರೆಸಿಕೊಂಡು, ಮಾತ್ರೆ ಮನೆಯಲ್ಲಿ ತಂದಿಟ್ಟುಕೊಂಡಿರಿ. 48 ಗಂಟೆ ಮೀರಿ ಕೊಡಬೇಡಿ. ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಕಲಸಿ, ಗುಟುಕು ಗುಟುಕಾಗಿ ಕುಡಿಸಿ. ಭೇದಿಯ ಜೊತೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ, ರಕ್ತ, ತಲೆಸುತ್ತು ಅಥವಾ ನಿಲ್ಲದ ವಾಂತಿ ಕಂಡರೆ ಬೆಳಗಾಗುವವರೆಗೆ ಕಾಯಬೇಡಿ. ಬಿಳಿ ರಕ್ತಕಣ ಕುಸಿದಿರುವಾಗ ಗಾಯಗೊಂಡ ಕರುಳಿನಿಂದ ಸೋಂಕು ರಕ್ತಕ್ಕಿಳಿದರೆ ಪ್ರಾಣಕ್ಕೇ ಕುತ್ತು.

ಹಳೆಯ ರಿಪೋರ್ಟುಗಳಲ್ಲಿ ಬಿಲಿರುಬಿನ್ ಸದಾ ಸ್ವಲ್ಪ ಹೆಚ್ಚಿದೆಯೇ? ವೈದ್ಯರಿಗೆ ತಪ್ಪದೆ ತೋರಿಸಿ. ಬಿಲಿರುಬಿನ್ ಹಾಗೂ ಎಸ್‌ಎನ್-38 ಎರಡನ್ನೂ ಹೊರಹಾಕಲು ನೆರವಾಗುವ ಯಕೃತ್ತಿನ ಯುಜಿಟಿ1ಎ1 ಕಿಣ್ವ ಹುಟ್ಟಿನಿಂದಲೇ ಮಂದವಿರುವವರಲ್ಲಿ ಎಸ್‌ಎನ್-38 ಹೆಚ್ಚು ಹೊತ್ತು ಉಳಿಯುತ್ತದೆ, ಡೋಸ್ ಇಳಿಸಬೇಕಾದೀತು.

ಪ್ರಶ್ನೆ: ಈ ಔಷಧಿಯ ಮೂಲ ನಮ್ಮ ಘಟ್ಟದ ದುರ್ವಾಸನೆ ಮರದಲ್ಲೂ ಇದೆಯಂತೆ. ತೊಗಟೆಯ ಕಷಾಯ ಕೊಡಬಹುದೇ?
– ಓದುಗರು, ಶಿರಸಿ

ಉತ್ತರ: ಖಂಡಿತ ಬೇಡ. ಇರಿನೊಟೆಕಾನ್‌ನ ಮೂಲವಾದ ಕ್ಯಾಂಪ್ಟೊಥೆಸಿನ್ ಆ ಮರದಲ್ಲಿರುವುದು 1972ರಲ್ಲೇ ವರದಿಯಾಗಿದೆ. ಆದರೆ ಅದರ ಸೋಡಿಯಂ ಲವಣವನ್ನು ಅಮೆರಿಕದಲ್ಲಿ ರೋಗಿಗಳಿಗೆ ಕೊಟ್ಟಾಗ ಮೂತ್ರಕೋಶದಲ್ಲಿ ರಕ್ತಸ್ರಾವವಾಗಿ, ಮಜ್ಜೆ ಕುಗ್ಗಿ, ಪ್ರಯೋಗವನ್ನೇ ಕೈಬಿಟ್ಟರು. ಮಾರ್ಪಡಿಸಿದ ಇರಿನೊಟೆಕಾನ್‌ಗೆ ಅಲ್ಲಿ ಅನುಮತಿ ಸಿಕ್ಕಿದ್ದು 1996ರಲ್ಲಿ. ಕಷಾಯದಲ್ಲಿ ಎಷ್ಟು ಇಳಿದಿದೆ ಎಂದು ಅಳೆಯಲಾಗದು. ಕೀಮೋ ಜೊತೆ ಸೇರಿದರೆ ಅದೇ ವಿಷ ಇಮ್ಮಡಿ. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡದೆ ಹೇಳಿ, ಮುಂದಿನ ಡೋಸ್‌ಗೆ ಮುನ್ನ ರಕ್ತಕಣಗಳ ಪರೀಕ್ಷೆ ಮಾಡಿಸಿ.