ಹಂಪಿಯನ್ನು ಒಂದೇ ದಿನದಲ್ಲಿ ನೋಡಿ ಮುಗಿಸಬಹುದಾ?

ಮುಗಿಸಬಹುದು, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಕನಿಷ್ಠ ನಾಲ್ಕು ದಿನ ಇಟ್ಟುಕೊಳ್ಳಿ. ನಾನು ಮೊದಲ ಸಲ ಒಂದೇ ದಿನದಲ್ಲಿ ಓಡಾಡಿ ಬಂದಿದ್ದೆ, ಕಲ್ಲಿನ ರಥದ ಮುಂದೆ ಫೋಟೋ ತೆಗೆಸಿಕೊಂಡಿದ್ದು ಬಿಟ್ಟರೆ ಈಗ ಏನೂ ನೆನಪಿಲ್ಲ.

ಎರಡನೇ ಸಲ ಮಹಾನವಮಿ ದಿಬ್ಬದ ಹತ್ತಿರ ಇರುವ ಮೆಟ್ಟಿಲು ಪುಷ್ಕರಣಿಯ ಪಕ್ಕ ಸುಮ್ನೆ ಕೂತಿದ್ದೆ. ಅಲ್ಲಿದ್ದ ಗೈಡ್ ಒಬ್ಬರು ಕಪ್ಪು ಕಲ್ಲುಗಳ ಮೇಲಿನ ಸಣ್ಣ ಸಣ್ಣ ಗುರುತುಗಳನ್ನು ತೋರಿಸಿದರು. ಯಾವ ಕಲ್ಲು ಯಾವ ದಿಕ್ಕಿಗೆ, ಯಾವ ಸಾಲಿಗೆ ಬರಬೇಕು ಅಂತ ಕಟ್ಟಿದವರೇ ಕೆತ್ತಿಟ್ಟುಕೊಂಡಿದ್ದಂತೆ! ರಾಜರ ಹೆಸರೆಲ್ಲ ಮರೆತುಹೋಗಬಹುದು, ಆ ಗುರುತು ಮಾತ್ರ ಮರೆಯಲ್ಲ.

ಹಾಗಾಗಿ ಬೆಳಿಗ್ಗೆ ಒಂದೇ ಜಾಗ ಅಂತ ಇಟ್ಟುಕೊಳ್ಳಿ. ಹಜಾರ ರಾಮ ದೇವಸ್ಥಾನದ ಗೋಡೆಗೆ ಒಂದು ಸುತ್ತು ಹಾಕಿದರೆ ಕಲ್ಲಲ್ಲೇ ರಾಮಾಯಣ ಓದಬಹುದು, ಪಕ್ಕದಲ್ಲಿ ಅಜ್ಜಿಯೋ ಮಕ್ಕಳೋ ಇದ್ದರೆ ಇನ್ನೂ ಚೆಂದ. ವಿರೂಪಾಕ್ಷ ದೇವಸ್ಥಾನದಲ್ಲಿ ಗೋಪುರದ ನೆರಳು ಒಂದು ಸಣ್ಣ ಕಿಂಡಿಯಿಂದ ಬಂದು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ, ಅದನ್ನು ಬಿಡಬೇಡಿ. ಬಿಸಿಲು ಏರಿದ ಮೇಲೆ ಬಾಳೆ ತೋಟದ ಕಡೆ ಹೋಗಿ, ತುರ್ತಾ ಕಾಲುವೆ ನೋಡಿ. 1565ರಲ್ಲಿ ನಗರ ಹಾಳಾಯಿತು, ಆದರೆ ವಿಜಯನಗರದ ಕಾಲದ ಆ ಕಾಲುವೆಯಲ್ಲಿ ಇವತ್ತಿಗೂ ನೀರು ಹರಿದು ಗದ್ದೆಗೆ ಹೋಗುತ್ತದೆ. ಅಲ್ಲಿ ಕೆಲಸ ಮಾಡುವವರನ್ನು ಮಾತಾಡಿಸಿ.

ಒಂದು ದಿನವನ್ನು ಪೂರ್ತಿ ತುಂಗಭದ್ರೆಯ ಆಚೆ ದಡದಲ್ಲಿರುವ ಆನೆಗೊಂದಿ ಊರಿಗೆ ಇಡಿ. ಹೋಗುವುದಾದರೆ ನವೆಂಬರ್‌ನಿಂದ ಫೆಬ್ರವರಿಯೊಳಗೆ ಹೋಗಿ, ಬೇಸಿಗೆಯಲ್ಲಿ ಬಂಡೆಗಳ ಕಾವು ಜಾಸ್ತಿ.