ರೈಫಲ್: ಕೊಳ್ಳುವುದೋ, ಕಟ್ಟಿಸುವುದೋ?

ಪ್ರಶ್ನೆ: ನಾನು ಸೇನೆಯಿಂದ ನಿವೃತ್ತನಾಗಿ ಲಿಂಗಸುಗೂರು ಬಳಿಯ ನಮ್ಮ ಊರಿನಲ್ಲಿ ನೆಲೆಸಿದ್ದೇನೆ. ತಂದೆಯವರ ಕಾಲದ ಒಂಟಿ ನಳಿಕೆಯ ಬಂದೂಕು ನನ್ನ ಪರವಾನಗಿಯಲ್ಲಿದೆ. ಗುರಿ ಅಭ್ಯಾಸಕ್ಕಾಗಿ ಒಂದು ಬೋಲ್ಟ್ ಆ್ಯಕ್ಷನ್ ರೈಫಲ್ ಬೇಕು. ಅಮೆರಿಕದಲ್ಲಿರುವ ನನ್ನ ಅಳಿಯ ಬಿಡಿಭಾಗ ತರಿಸಿ ತಾನೇ ಜೋಡಿಸಿಕೊಂಡಿದ್ದಾನೆ. ನಮ್ಮಲ್ಲೂ ಒಳ್ಳೆಯ ಲೇತ್ ಕೆಲಸಗಾರರಿದ್ದಾರೆ. ಕಾರ್ಖಾನೆಯದನ್ನು ಕೊಳ್ಳಲೋ, ಕಟ್ಟಿಸಲೋ?

ಉತ್ತರ: ಕೊಳ್ಳಿ. ಕಟ್ಟಿಸುವ ಯೋಚನೆಯನ್ನು ಇಂದೇ ಬಿಟ್ಟುಬಿಡಿ.

ನಿಮ್ಮ ಅಳಿಯ ಮಾಡಿದ್ದು ಅಲ್ಲಿನ ಕಾನೂನಿಗೆ ಒಪ್ಪುವ ಕೆಲಸ. ಅಲ್ಲಿ ಬೋಲ್ಟ್, ಅಂದರೆ ಕೈಯಿಂದ ಎಳೆದು ತಳ್ಳಿ ತೋಟಾ ತುಂಬುವ ಅಗುಳಿ, ಕೂರುವ ಮೂಲಭಾಗವನ್ನಷ್ಟೇ ಬಂದೂಕು ಎಂದು ಎಣಿಸುತ್ತಾರೆ. ನಳಿಕೆ, ಕಟ್ಟಿಗೆಯ ಹಿಡಿ ಬಿಡಿಯಾಗಿ ಸಿಗುತ್ತವೆ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಿಡಿಭಾಗವೂ ಶಸ್ತ್ರಾಸ್ತ್ರವೇ, ಅದನ್ನು ತಯಾರಿಸುವ ಯಂತ್ರವೂ ಶಸ್ತ್ರಾಸ್ತ್ರವೇ. ನಿಮ್ಮ ಪರವಾನಗಿ ಇರುವುದು ಇಟ್ಟುಕೊಳ್ಳಲು, ತಯಾರಿಸಲು ಅಲ್ಲ. 2019ರ ತಿದ್ದುಪಡಿಯ ನಂತರ ಪರವಾನಗಿ ಇಲ್ಲದ ತಯಾರಿಕೆಗೆ ಕನಿಷ್ಠ 7 ವರ್ಷ, ಗರಿಷ್ಠ ಜೀವಾವಧಿ ಸೆರೆವಾಸ. ನಿಮ್ಮ ಮಾತಿಗೆ ಒಪ್ಪಿ ಲೇತ್ ತಿರುಗಿಸಿದ ಬಡ ಕೆಲಸಗಾರನೂ ಅದೇ ಶಿಕ್ಷೆಗೆ ಗುರಿಯಾಗುತ್ತಾನೆ. ಅವನ ಮನೆಯವರನ್ನು ಒಮ್ಮೆ ನೆನೆಯಿರಿ.

ಕಾನೂನು ಅಡ್ಡ ಬರದಿದ್ದರೂ ನಾನು ಬೇಡವೆನ್ನುತ್ತಿದ್ದೆ. ಬೋಲ್ಟ್ ಮುಚ್ಚಿದಾಗ ಅದರ ಮುಖಕ್ಕೂ ತೋಟಾದ ಬುಡಕ್ಕೂ ನಡುವೆ ಉಳಿಯುವ ಸಂದು ಕೂದಲೆಳೆಯಷ್ಟಿರಬೇಕು. ಅದು ಹೆಚ್ಚಾದರೆ ಹಿತ್ತಾಳೆಯ ತೋಟಾ ಹಿಗ್ಗಿ ಹರಿಯುತ್ತದೆ. ಕಾದ ಅನಿಲ ಹಿಂದಕ್ಕೆ, ಅಂದರೆ ನಿಮ್ಮ ಕಣ್ಣಿನ ಕಡೆಗೆ ನುಗ್ಗುತ್ತದೆ. ಬೇಟೆಯ ರೈಫಲ್‌ಗಳಲ್ಲಿ ಬಳಸುವ .30-06 ಎಂಬ ತೋಟಾ ಸಿಡಿದಾಗ ಒಳಗಿನ ಒತ್ತಡ ವಾತಾವರಣದ ಒತ್ತಡದ ಸುಮಾರು 4,000 ಪಟ್ಟು ಏರಬಲ್ಲದು. ಅದನ್ನು ತಡೆಯುವ ಉಕ್ಕು ಯಾವುದು, ಅದನ್ನು ಎಷ್ಟು ಕಾಯಿಸಿ ಹದಗೊಳಿಸಬೇಕು ಎಂಬುದು ಟ್ರ್ಯಾಕ್ಟರ್ ಶಾಫ್ಟ್ ತಿರುವುವ ಕೈಗೆ, ಅದೆಷ್ಟೇ ಪಳಗಿದ ಕೈಯಾದರೂ, ತಿಳಿಯುವಂಥದ್ದಲ್ಲ. ಕಾರ್ಖಾನೆಯಲ್ಲಿ ಮಾಮೂಲಿಗಿಂತ ಹೆಚ್ಚು ಒತ್ತಡದ ತೋಟಾ ಹಾರಿಸಿ ಪರೀಕ್ಷಿಸಿ, ತಾಳಿಕೊಂಡ ಮೇಲೆಯೇ ಮುದ್ರೆ ಒತ್ತುತ್ತಾರೆ. ನೀವು ಹಣ ಕೊಡುವುದು ಮುಖ್ಯವಾಗಿ ಆ ಮುದ್ರೆಗೆ.

ಇನ್ನು ಯಾವುದನ್ನು ಕೊಳ್ಳುವುದು? ಪಶ್ಚಿಮ ಬಂಗಾಳದ ಈಶಾಪುರ ರೈಫಲ್ ಕಾರ್ಖಾನೆಯ .315 (ಈ ಸಂಖ್ಯೆ ನಳಿಕೆಯ ಒಳ ಅಗಲ, ಅಂಗುಲದಲ್ಲಿ) ನಮ್ಮಲ್ಲಿ ಹೆಸರಾದದ್ದು. ಅದರ ಬೋಲ್ಟ್ ಸೇನೆಯ ಹಳೆಯ ರೈಫಲ್ ಲೀ-ಎನ್‌ಫೀಲ್ಡ್ ವಂಶದ್ದು. ಹಳೆಯ ಸೈನಿಕರ ಕೈಗೆ ತಾನಾಗಿ ಒಗ್ಗುತ್ತದೆ. ಆದರೆ ನಿಮ್ಮ ಉದ್ದೇಶ ಗುರಿ ಅಭ್ಯಾಸವಾದ್ದರಿಂದ ನನ್ನ ಮನಸ್ಸು .22ರ ಕಡೆಗಿದೆ. ಒದೆತ ಕಡಿಮೆ, ತೋಟಾ ಅಗ್ಗ, ತಪ್ಪುಗಳು ಬೇಗ ತಿಳಿಯುತ್ತವೆ. ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯರಿಗೆ ಗುರಿ ಅಭ್ಯಾಸದ .22 ಪರವಾನಗಿಯನ್ನು ಕಾಯ್ದೆಯೇ ಪ್ರತ್ಯೇಕವಾಗಿ ಹೆಸರಿಸಿದೆ. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಸ್ವಪ್ನಿಲ್ ಕುಸಾಳೆ ಕಂಚು ಗೆದ್ದ 50 ಮೀಟರ್ ಸ್ಪರ್ಧೆಯೂ .22ರದ್ದೇ. .315ರ ಗುಂಡು ನಮ್ಮ ಬಯಲಿನಲ್ಲಿ ತಪ್ಪಿದರೆ ಒಂದು ಮೈಲಿ ದಾಟಿಯೂ ಜೀವ ತೆಗೆಯಬಲ್ಲದು. ಎರೆಹೊಲದಲ್ಲಿ ಅದನ್ನು ತಡೆಯುವ ಗುಡ್ಡವಾದರೂ ಎಲ್ಲಿದೆ?

ಕೈಯಾರೆ ಏನಾದರೂ ಮಾಡುವ ಆಸೆ ನಿಮಗಿರುವುದು ಕಾಣುತ್ತದೆ, ಅದು ಒಳ್ಳೆಯದೇ. ಹಿಡಿಯ ಉದ್ದವನ್ನು ನಿಮ್ಮ ತೋಳಿಗೆ ಹೊಂದಿಸಬಹುದು, ಭುಜಕ್ಕೆ ರಬ್ಬರ್ ಮೆತ್ತೆ ಹಾಕಿಸಬಹುದು. ಕಟ್ಟಿಗೆ ರಾಯಚೂರಿನ ಬೇಸಿಗೆಗೆ ಒಣಗಿ ಸೆಟೆದು, ಮಳೆಗಾಲದಲ್ಲಿ ಉಬ್ಬಿ ನಳಿಕೆಯನ್ನು ಒತ್ತುತ್ತದೆ. ಹಿಡಿಯನ್ನು ಸರಿಯಾಗಿ ಕೂರಿಸಿದರೆ ಗುರಿ ಎಷ್ಟು ಸುಧಾರಿಸುತ್ತದೆಂದು ನೀವೇ ಕಾಣುವಿರಿ. ಇದನ್ನೆಲ್ಲ ಪರವಾನಗಿ ಇರುವ ದುರಸ್ತಿಗಾರರಲ್ಲೇ ಮಾಡಿಸಿ. ಕುದುರೆ (ಟ್ರಿಗರ್), ಬೋಲ್ಟ್, ನಳಿಕೆಗಳಿಗೆ ನೀವಾಗಿ ಕೈ ಹಾಕಬೇಡಿ.

2019ರಿಂದ ಸಾಮಾನ್ಯವಾಗಿ ಒಬ್ಬರಿಗೆ ಎರಡೇ ಬಂದೂಕು. ತಂದೆಯವರದು ಒಂದು, ಈಗ ಕೊಳ್ಳುವುದು ಎರಡನೆಯದು. ಆದ್ದರಿಂದ ಆತುರ ಬೇಡ. ಮೊದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ಪರವಾನಗಿಗೆ ಸೇರಿಸಿಕೊಳ್ಳಿ, ಆಮೇಲೆ ಮುಂಗಡ ಕೊಡಿ. ಹಳೆಯದು ಸಿಕ್ಕರೆ ಬೋಲ್ಟಿನ ಮೇಲಿನ ಸಂಖ್ಯೆ ಬಾಡಿಯ ಸಂಖ್ಯೆಗೆ ಹೊಂದುತ್ತದೆಯೇ ನೋಡಿ, ನಳಿಕೆಯನ್ನು ಬೆಳಕಿಗೆ ಹಿಡಿದು ಒಳಗೆ ತುಕ್ಕಿನ ಕುಳಿಗಳಿವೆಯೇ ಪರೀಕ್ಷಿಸಿ. ಇದ್ದರೆ ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ.